ಕಟ್ಟುವುದೂ ಬಿಚ್ಚುವುದೂ: ವಿವಾಹ, ಪಾಪ, ಕ್ಷಮೆಗಳ ವಿಷಯದಲ್ಲಿ ಕಥೋಲಿಕ ಧರ್ಮಸಭೆಯ ನಿಯಮ ಮತ್ತು ಸತ್ಯವೇದ

ಹಲವು ವರ್ಷಗಳ ಹಿಂದೆ, ಕರಾವಳಿಯ ಒಂದು ಸಭೆಯಲ್ಲಿ ನಾನು ಪಾಲಕನಾಗಿದ್ದಾಗ, ಆ ಸಭೆಯ ಸಹೋದರಿಯೊಬ್ಬಳು ಒಂದು ಸಂಜೆ ಮನೆಗೆ ಬಂದಳು. ಆಕೆಯ ವಿವಾಹವನ್ನು ನನಗಿಂತ ಮುಂಚೆ ಇದ್ದ ಅಯ್ಯನವರು ನಮ್ಮ ದೇವಾಲಯದಲ್ಲಿಯೇ ನಡೆಸಿಕೊಟ್ಟಿದ್ದರು. ಮದುವೆಯಾಗಿ ಆರು ತಿಂಗಳಿಗೆ ಗಂಡನು ಕೆಲಸಕ್ಕೆಂದು ಕೊಲ್ಲಿ ರಾಷ್ಟ್ರಕ್ಕೆ ಹೋದನು. ಎರಡು ವರ್ಷ ಪತ್ರವೂ ಹಣವೂ ಬಂದವು; ಆಮೇಲೆ ಎರಡೂ ನಿಂತವು. ಆತನು ಅಲ್ಲಿ ಇನ್ನೊಬ್ಬಳೊಡನೆ ಸಂಸಾರ ಹೂಡಿದ್ದಾನೆಂಬುದು ತಿಳಿಯುವುದಕ್ಕೆ ಮತ್ತೆ ಮೂರು ವರ್ಷ ಹಿಡಿಯಿತು. ನ್ಯಾಯಾಲಯವು ಆಕೆಗೆ ವಿಚ್ಛೇದನದ ಡಿಕ್ರಿ ಕೊಟ್ಟಿತು. ಈಗ ಕಥೋಲಿಕನಾದ ಒಬ್ಬ ವಿಧುರನು, ಸಣ್ಣ ಮಗನಿದ್ದವನು, ಆಕೆಯನ್ನು ಮದುವೆಯಾಗಲು ಮುಂದೆ ಬಂದಿದ್ದನು. ಇಬ್ಬರೂ ಕೂಡಿ ಆತನ ಚರ್ಚಿನ ಗುರುಗಳ ಬಳಿಗೆ ಹೋಗಿದ್ದರು. ಗುರುಗಳು ಬಹಳ ಸೌಜನ್ಯದಿಂದಲೇ ವಿಷಯವನ್ನು ವಿವರಿಸಿದರಂತೆ: ಆಕೆಯ ಮೊದಲನೆಯ ವಿವಾಹವು ಧರ್ಮಸಭೆಯ ದೃಷ್ಟಿಯಲ್ಲಿ ಇನ್ನೂ ನಿಂತಿದೆ, ಧರ್ಮಪ್ರಾಂತ್ಯದ ನ್ಯಾಯಪೀಠವು ಬೇರೆ ತೀರ್ಪು ಕೊಡುವ ತನಕ ಮದುವೆ ಮಾಡಿಸಲಾಗದು, ಬೇರೆಲ್ಲಿಯಾದರೂ ಮದುವೆಯಾದರೆ ಆತನು ಪರಮಪ್ರಸಾದವನ್ನು ಸ್ವೀಕರಿಸುವ ಹಾಗಿಲ್ಲ.

ಆಕೆ ನನ್ನ ಮುಂದೆ ಕುಳಿತು ಕೇಳಿದ್ದು ಒಂದೇ ಮಾತು. "ಅಯ್ಯನವರೇ, ಅವರು ಹೇಳಿದ್ದೆಲ್ಲ ನನಗೆ ಅರ್ಥವಾಯಿತು. ನಾನು ಯಾವ ಪಾಪಕ್ಕೆ ಕ್ಷಮೆ ಕೇಳಬೇಕು ಎಂಬುದನ್ನು ಮಾತ್ರ ಯಾರೂ ಹೇಳುತ್ತಿಲ್ಲ."

ಈ ಲೇಖನವು ಆ ಪ್ರಶ್ನೆಯಿಂದ ಹುಟ್ಟಿದೆ. ಕಥೋಲಿಕರೂ ನಾವೂ ಒಂದೇ ಬೀದಿಯಲ್ಲಿ ವಾಸಿಸುವ, ಒಬ್ಬರ ಮನೆಯಿಂದ ಒಬ್ಬರು ಹೆಣ್ಣು ತರುವ ಊರುಗಳಲ್ಲಿ ಸೇವೆಗೆ ಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಇದು ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆದರೆ ತರಗತಿಯಲ್ಲಿ ನಾನು ಮೇಲಿಂದ ಮೇಲೆ ಕೇಳುವ ಮಾತುಗಳು ಎರಡು. ವಿವಾಹವು ಬಿಡಿಸಲಾಗದ ಬಂಧನವೆಂಬುದನ್ನು ರೋಮಿನವರು ಕಲ್ಪಿಸಿಕೊಂಡರು ಎಂಬುದು ಒಂದು. ಅವರು ವಿಚ್ಛೇದನವನ್ನು ಬಾಯಲ್ಲಿ ನಿರಾಕರಿಸಿ 'ಅಸಿಂಧು' ಎಂಬ ಹೆಸರಿನಲ್ಲಿ ಅದನ್ನೇ ಕೊಡುತ್ತಾರೆ ಎಂಬುದು ಇನ್ನೊಂದು. ಎರಡೂ ಅವಸರದ ಮಾತುಗಳು. ಮೊದಲನೆಯದು ಕರ್ತನ ಮಾತನ್ನೇ ಮರೆತದ್ದು; ಎರಡನೆಯದು ಆ ನಿಯಮದ ಒಳಗಿನ ತರ್ಕವನ್ನು ತಿಳಿಯದೆ ಆಡಿದ್ದು. ಭಿನ್ನಾಭಿಪ್ರಾಯವು ನಿಜವಾಗಿ ಎಲ್ಲಿದೆ ಎಂಬುದನ್ನು ಕಾಣಬೇಕಾದರೆ ನಿಯಮವನ್ನು ಮೊದಲು ಅದರ ಬಲದೊಡನೆ ನೋಡಬೇಕು.

ನಿಯಮದ ತರ್ಕ

ಈಗ ಜಾರಿಯಲ್ಲಿರುವ ಧರ್ಮಸಭಾ ಕಾನೂನು ಸಂಹಿತೆಯು 1983ರದು. ಅದರ 1055ನೆಯ ಕಲಮಿನ ಪ್ರಕಾರ ದೀಕ್ಷಾಸ್ನಾನ ಹೊಂದಿದ ಇಬ್ಬರ ನಡುವೆ ಸಿಂಧುವಾದ ವಿವಾಹವೊಂದು ನಡೆದರೆ ಅದು ತಾನಾಗಿಯೇ ಸಂಸ್ಕಾರವಾಗಿರುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಇದು ಕಥೋಲಿಕರಿಗೆ ಮಾತ್ರ ಅನ್ವಯಿಸುವ ಮಾತಲ್ಲ ಎಂಬುದು. ನಮ್ಮ ದೇವಾಲಯದಲ್ಲಿ ನಮ್ಮ ಪಾಲಕರು ನಡೆಸಿದ ಮದುವೆಯನ್ನೂ ರೋಮಿನ ಸಭೆಯು ಸಂಸ್ಕಾರವೆಂದೇ ಎಣಿಸುತ್ತದೆ. ಒಂದು ಬಗೆಯಲ್ಲಿ ಇದು ನಮಗೆ ಸಲ್ಲಿಸಿದ ಗೌರವ. ನಾವೇ ಸಂಸ್ಕಾರವೆಂದು ಕರೆಯದ ವಿವಾಹವನ್ನು ಅವರು ಹಾಗೆ ಕರೆದು ನಮ್ಮಿಂದ ಅದರ ಪೂರ್ಣ ಭಾರವನ್ನು ಹೊರಿಸುತ್ತಾರೆ. 1141ನೆಯ ಕಲಮು ಹೇಳುವಂತೆ, ಹಾಗೆ ವಿಧಿವತ್ತಾಗಿ ನಡೆದು ದೇಹಸಂಯೋಗದಿಂದ ಪೂರ್ಣಗೊಂಡ ವಿವಾಹವನ್ನು ಮರಣದ ಹೊರತು ಯಾವ ಮಾನವ ಅಧಿಕಾರವೂ ಬಿಡಿಸಲಾರದು, ಪೋಪರೂ ಬಿಡಿಸಲಾರರು.

ಹಾಗಾದರೆ ಬಿಡುಗಡೆಯ ದಾರಿಗಳೇ ಇಲ್ಲವೋ? ಇವೆ. ದೇಹಸಂಯೋಗವಾಗದ ವಿವಾಹವನ್ನು ಪೋಪರು ಬಿಡಿಸಬಹುದು. ದೀಕ್ಷಾಸ್ನಾನ ಹೊಂದದ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿ ಮತ್ತೊಬ್ಬರು ಅಗಲಿ ಹೋದರೆ, ಪೌಲನ ಹೆಸರಿನಿಂದ ಕರೆಯಲ್ಪಡುವ ಹಕ್ಕಿನ ಪ್ರಕಾರ ವಿಶ್ವಾಸಿಯು ಮತ್ತೆ ಮದುವೆಯಾಗಬಹುದು. ದಂಪತಿಗಳಲ್ಲಿ ಒಬ್ಬರೇ ದೀಕ್ಷಾಸ್ನಾನ ಹೊಂದಿದವರಾಗಿದ್ದರೆ ಆ ವಿವಾಹವನ್ನೂ ವಿಶ್ವಾಸದ ಹಿತಕ್ಕಾಗಿ ಪೋಪರು ಬಿಡಿಸಬಹುದು. ಇವೆಲ್ಲ ನಿಜವಾಗಿ ಇದ್ದ ಬಂಧನದ ಬಿಡುಗಡೆಗಳು. ಇವಲ್ಲದೆ ಅಸಿಂಧುತ್ವದ ಘೋಷಣೆಯೆಂಬುದು ಬೇರೆ ಇದೆ. ಅದು ಬಂಧನವನ್ನು ಬಿಚ್ಚುವುದಿಲ್ಲ. ಬಂಧನವು ಮೊದಲಿಂದಲೂ ಇರಲೇ ಇಲ್ಲವೆಂದು ವಿಚಾರಣೆ ನಡೆಸಿ ಕಂಡುಕೊಂಡು ಹೇಳುತ್ತದೆ. ಸಮ್ಮತಿಯು ಬಲಾತ್ಕಾರದಿಂದ ಬಂದದ್ದು, ಮೋಸದಿಂದ ಪಡೆದದ್ದು, ಮನೋವೈಕಲ್ಯದಿಂದ ಅಶಕ್ತವಾದದ್ದು, ಅಥವಾ ವಿವಾಹದ ದಿನವೇ ನಿಷ್ಠೆಯನ್ನಾಗಲಿ ಸಂತಾನವನ್ನಾಗಲಿ ಮನಸ್ಸಿನಲ್ಲಿ ತಳ್ಳಿಹಾಕಿದ್ದು: ಇವು ಸಾಮಾನ್ಯವಾಗಿ ವಿಚಾರಣೆಗೆ ಬರುವ ಆಧಾರಗಳು. ಮೊದಲು ಎರಡು ನ್ಯಾಯಪೀಠಗಳು ಒಂದೇ ತೀರ್ಪು ಕೊಡಬೇಕಿತ್ತು. ಪೋಪ್ ಫ್ರಾನ್ಸಿಸರು 2015ರಲ್ಲಿ ಈ ಎರಡನೆಯ ತೀರ್ಪಿನ ಅಗತ್ಯವನ್ನು ತೆಗೆದುಹಾಕಿ, ಸ್ಪಷ್ಟವಾದ ಪ್ರಕರಣಗಳಲ್ಲಿ ಧರ್ಮಾಧ್ಯಕ್ಷರೇ ಬೇಗನೆ ನಿರ್ಣಯಿಸುವ ಕ್ರಮವನ್ನು ತಂದರು.

ಈ ತರ್ಕವು ಎಲ್ಲಿಂದ ಬಂತೆಂಬುದನ್ನೂ ಹೇಳುವುದು ನ್ಯಾಯ. ಹನ್ನೆರಡನೆಯ ಶತಮಾನದಲ್ಲಿ ಯೂರೋಪಿನ ಸಭೆಯು ವಿವಾಹವನ್ನು ಉಂಟುಮಾಡುವುದು ವಧೂವರರ ಸಮ್ಮತಿಯೇ ಹೊರತು ತಂದೆಗಳ ಒಪ್ಪಂದವಲ್ಲವೆಂದು ಸ್ಥಿರಪಡಿಸಿತು. ಮಗಳನ್ನು ಆಸ್ತಿಯಂತೆ ಕೊಡುತ್ತಿದ್ದ ಸಮಾಜದಲ್ಲಿ ಇದು ಚಿಕ್ಕ ಮಾತಲ್ಲ. ಗುಟ್ಟಾಗಿ ಮದುವೆಯಾಗಿ ಆಮೇಲೆ ಆಗಿಲ್ಲವೆಂದು ಸಾಧಿಸುವ ಗಂಡಸರಿಂದ ಹೆಂಗಸರು ಹಾಳಾಗುತ್ತಿದ್ದುದನ್ನು ಕಂಡು ತ್ರೆಂತ್ ಮಹಾಸಭೆಯು 1563ರಲ್ಲಿ ಗುರುವಿನ ಮತ್ತು ಸಾಕ್ಷಿಗಳ ಸಮಕ್ಷಮದಲ್ಲಿ ನಡೆಯದ ಮದುವೆ ಸಿಂಧುವಲ್ಲವೆಂದು ವಿಧಿಸಿತು. 'ಆ ದಿನ ಏನು ನಡೆಯಿತು' ಎಂದು ಕೇಳುವ ಈ ನ್ಯಾಯಶಾಸ್ತ್ರವು ಹುಟ್ಟಿದ್ದು ಬಲಹೀನರ ರಕ್ಷಣೆಗಾಗಿಯೇ.

ಆದರೆ ಅದೇ ಪ್ರಶ್ನೆಯು ನಮ್ಮ ಸಹೋದರಿಯ ಮುಂದೆ ನಿಂತಾಗ ಏನಾಗುತ್ತದೆ ನೋಡಿ. ಕಥೋಲಿಕನೊಬ್ಬನು ಅನುಮತಿಯಿಲ್ಲದೆ ನೋಂದಣಿ ಕಚೇರಿಯಲ್ಲಿ ಮದುವೆಯಾಗಿ, ಇಪ್ಪತ್ತು ವರ್ಷ ಸಂಸಾರ ಮಾಡಿ, ಹೆಂಡತಿಯನ್ನು ತೊರೆದನೆಂದುಕೊಳ್ಳೋಣ. ವಿಧಿರೂಪವಿಲ್ಲದ ಆ ಮದುವೆಯು ಸಿಂಧುವೇ ಅಲ್ಲ. ರಾಷ್ಟ್ರದ ಕಾನೂನಿನ ಪ್ರಕಾರ ವಿಚ್ಛೇದನವಾದ ಮೇಲೆ, ಕಾಗದಪತ್ರಗಳನ್ನು ಒದಗಿಸಿದರೆ ಹೆಚ್ಚಿನ ವಿಚಾರಣೆಯಿಲ್ಲದೆ ಆತನು ಬಲಿಪೀಠದ ಮುಂದೆ ಇನ್ನೊಬ್ಬಳ ಕೈಹಿಡಿಯಬಹುದು. ತೊರೆದು ಹೋದವನಿಗೆ ಮೊದಲ ಹೆಂಡತಿಯ ಹಾಗೂ ಮಕ್ಕಳ ಹೊಣೆಯನ್ನು ನೆನಪಿಸಬೇಕೆಂದು ನಿಯಮವು ಹೇಳುವುದೇನೋ ಹೌದು. ಆದರೂ ದಾರಿ ತೆರೆದಿದೆ. ಆರು ತಿಂಗಳು ನಂಬಿ ಬಾಳಿ, ಐದು ವರ್ಷ ಕಾದು, ತೊರೆಯಲ್ಪಟ್ಟವಳಿಗಾದರೋ ದಾರಿ ಮುಚ್ಚಿದೆ. ಏಕೆಂದರೆ ಆಕೆಯ ಮದುವೆಯು ಸರಿಯಾಗಿ ನಡೆದಿತ್ತು. ಆಕೆಯ ಗಂಡನು ದೀಕ್ಷಾಸ್ನಾನ ಹೊಂದದವನಾಗಿದ್ದರೂ ದಾರಿ ಸಿಗುತ್ತಿತ್ತು. ಆಕೆ ಸಭೆಯ ಮಗಳಾಗಿ, ಸಭೆಯ ಮಗನನ್ನು, ಸಭೆಯ ಮುಂದೆ ಮದುವೆಯಾದದ್ದರಿಂದಲೇ ಸಿಕ್ಕಿಬಿದ್ದಳು.

ವಾಕ್ಯವು ಕೇಳುವ ಪ್ರಶ್ನೆ

ಸತ್ಯವೇದವು ಈ ವಿಷಯವನ್ನು ಎತ್ತಿಕೊಳ್ಳುವಾಗ ಬೇರೊಂದು ಪ್ರಶ್ನೆಯನ್ನು ಮುಂದಿಡುತ್ತದೆಂಬುದು ನನ್ನ ಅಭಿಪ್ರಾಯ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿರುವ ತ್ಯಾಗಪತ್ರದ ವಿಧಿಯು ವಿಚ್ಛೇದನವನ್ನು ಸ್ಥಾಪಿಸುವುದಿಲ್ಲ. ಆಗಲೇ ನಡೆಯುತ್ತಿದ್ದುದಕ್ಕೆ ಒಂದು ಎಲ್ಲೆ ಹಾಕುತ್ತದೆ. ಕಳುಹಿಸಲ್ಪಟ್ಟ ಹೆಂಗಸಿನ ಕೈಯಲ್ಲಿ ಒಂದು ಪತ್ರವಿರಬೇಕು. ಕಳುಹಿಸಿದವನು ಆಕೆ ಇನ್ನೊಬ್ಬನ ಹೆಂಡತಿಯಾದ ಮೇಲೆ ಮತ್ತೆ ಆಕೆಯ ಮೇಲೆ ಹಕ್ಕು ಸಾಧಿಸಬಾರದು. ಮಲಾಕಿಯ ಎರಡನೆಯ ಅಧ್ಯಾಯದ ಹೀಬ್ರೂ ಮೂಲವು ಕಠಿಣವಾದದ್ದು. ದೇವರು ಪತ್ನೀತ್ಯಾಗವನ್ನು ದ್ವೇಷಿಸುತ್ತಾನೆಂದೋ, ದ್ವೇಷದಿಂದ ಹೆಂಡತಿಯನ್ನು ಕಳುಹಿಸುವವನು ತನ್ನ ಬಟ್ಟೆಯನ್ನೇ ಹಿಂಸೆಯಿಂದ ಮುಚ್ಚಿಕೊಳ್ಳುತ್ತಾನೆಂದೋ ಅದನ್ನು ಓದಬಹುದು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಪ್ರವಾದಿಯ ಕಣ್ಣು ಇರುವುದು ಯೌವನದ ಹೆಂಡತಿಗೆ ದ್ರೋಹಮಾಡಿದ ಗಂಡಸಿನ ಮೇಲೆ. ದೇವರು ಆ ಒಡಂಬಡಿಕೆಗೆ ಸಾಕ್ಷಿಯಾಗಿ ನಿಂತಿರುವುದು ದ್ರೋಹಕ್ಕೆ ಗುರಿಯಾದವಳ ಪರವಾಗಿ.

ಫರಿಸಾಯರು ಯೇಸುವನ್ನು ಪರೀಕ್ಷಿಸಿದಾಗ ಇದೇ ಧರ್ಮೋಪದೇಶಕಾಂಡದ ವಚನವು ಚರ್ಚೆಯಲ್ಲಿತ್ತು. ಶಮ್ಮಾಯಿಯ ಪಂಥದವರು ಹೆಂಡತಿಯ ಅಶುದ್ಧ ನಡತೆಯೊಂದೇ ಕಾರಣವೆಂದರು. ಹಿಲ್ಲೇಲನ ಪಂಥದವರು ಆಕೆ ಅಡಿಗೆಯನ್ನು ಕೆಡಿಸಿದರೂ ಸಾಕೆಂದರು. ಮುಂದೆ ಅಕೀವನೆಂಬ ರಬ್ಬಿಯು ಇನ್ನೊಬ್ಬಳು ಹೆಚ್ಚು ಚೆಲುವೆಯಾಗಿ ಕಂಡರೂ ಸಾಕೆಂಬಲ್ಲಿಗೆ ಅದನ್ನು ಮುಟ್ಟಿಸಿದನು. ಎಲ್ಲ ವಾದಗಳಲ್ಲಿಯೂ ಕಳುಹಿಸುವ ಅಧಿಕಾರವು ಗಂಡನದು, ಪ್ರಶ್ನೆ ಅದರ ಮೇರೆ ಎಷ್ಟೆಂಬುದು ಮಾತ್ರ. ಯೇಸು ಈ ವಾದಕ್ಕೆ ಇಳಿಯದೆ ಸೃಷ್ಟಿಯ ಆದಿಗೆ ಹೋದನು: ದೇವರು ಕೂಡಿಸಿದ್ದನ್ನು ಮನುಷ್ಯನು ಅಗಲಿಸಬಾರದು, ಮೋಶೆಯ ಅಪ್ಪಣೆಯು ನಿಮ್ಮ ಹೃದಯದ ಕಾಠಿಣ್ಯದ ಕಾರಣ ಬಂದದ್ದು. ಮಾರ್ಕನಲ್ಲಿಯೂ ಲೂಕನಲ್ಲಿಯೂ ಈ ಮಾತಿಗೆ ವಿನಾಯಿತಿಯೇ ಇಲ್ಲ. ಕಥೋಲಿಕ ಸಭೆಯು ಈ ಮಾತನ್ನು ಸಡಿಲಗೊಳಿಸದೆ ಎರಡು ಸಾವಿರ ವರ್ಷ ಹಿಡಿದು ನಿಂತಿದೆಯೆಂದರೆ, ಅದಕ್ಕಾಗಿ ನಾವು ಕೃತಜ್ಞರಾಗಿರಬೇಕು. ಅರಸರ ಮುಂದೆಯೂ ಅದನ್ನು ಹಿಡಿದದ್ದುಂಟು.

ಹಾಗಿದ್ದೂ ಹೊಸ ಒಡಂಬಡಿಕೆಯ ಒಳಗೇ ಆ ಮಾತು ಕಲ್ಲಿನಂತೆ ನಿಲ್ಲಲಿಲ್ಲ. ಮತ್ತಾಯನ 5ನೆಯ ಮತ್ತು 19ನೆಯ ಅಧ್ಯಾಯಗಳಲ್ಲಿ 'ಪೊರ್ನೇಯಾ'ದ ಕಾರಣವು ಹೊರತಾಗಿದೆ. ಆ ಗ್ರೀಕ್ ಪದಕ್ಕೆ ಹಾದರವೆಂದು ನಾವು ಅರ್ಥಮಾಡುತ್ತೇವೆ. ಅದು ಯಾಜಕಕಾಂಡದ 18ನೆಯ ಅಧ್ಯಾಯವು ನಿಷೇಧಿಸಿದ ಹತ್ತಿರದ ನಂಟರ ಮದುವೆಯೆಂದು, ಅಂದರೆ ಮೊದಲೇ ಅಸಿಂಧುವಾದದ್ದೆಂದು, ಕಥೋಲಿಕ ವ್ಯಾಖ್ಯಾನಕಾರರಲ್ಲಿ ಅನೇಕರು ಹೇಳುತ್ತಾರೆ. ಹಾದರದ ಕಾರಣದಿಂದ ಅಗಲಬಹುದು, ಆದರೆ ಮತ್ತೆ ಮದುವೆಯಾಗಬಾರದು ಎಂಬುದು ಜೆರೋಮನ ಕಾಲದಿಂದ ಬಂದ ಇನ್ನೊಂದು ಓದು. ಈ ವಾದವನ್ನು ವ್ಯಾಕರಣದಿಂದ ಮುಗಿಸಲಾಗದೆಂದು ಒಪ್ಪಿಕೊಳ್ಳುವುದೇ ಒಳ್ಳೆಯದು. ನನಗೆ ಮುಖ್ಯವಾಗಿ ತೋರುವುದು, ಮತ್ತಾಯನ ಐದನೆಯ ಅಧ್ಯಾಯದಲ್ಲಿ ದೋಷವನ್ನು ಯಾರ ತಲೆಯ ಮೇಲೆ ಇಟ್ಟಿದೆ ಎಂಬುದು. ಹೆಂಡತಿಯನ್ನು ಬಿಡುವವನು ಆಕೆ ವ್ಯಭಿಚಾರಿಣಿಯಾಗುವುದಕ್ಕೆ ಕಾರಣನಾಗುತ್ತಾನೆಂದು ಅಲ್ಲಿ ಹೇಳಿದೆ. ಬಿಡಲ್ಪಟ್ಟವಳು ಬದುಕುವುದಕ್ಕೆ ಇನ್ನೊಬ್ಬನ ಆಸರೆ ಹಿಡಿಯಲೇಬೇಕಾದ ಕಾಲದಲ್ಲಿ, ಆ ಮಾತಿನ ಬಾಣವು ನಾಟುವುದು ಬಿಟ್ಟವನಿಗೆ. ಬಿಡಲ್ಪಟ್ಟವಳನ್ನು ಮದುವೆಯಾಗುವವನ ಕುರಿತ ಮುಂದಿನ ಮಾತು ಕಠಿಣವಾಗಿಯೇ ಇದೆ. ಅದನ್ನು ನಾನು ಮರೆಮಾಚುವುದಿಲ್ಲ. ಆದರೂ ಮೂಲದ ಅಪರಾಧಿ ಯಾರೆಂಬುದರಲ್ಲಿ ಸಂದೇಹವಿಲ್ಲ.

ಪೌಲನಂತೂ ಇನ್ನೂ ಸ್ಪಷ್ಟ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ಅವನು ಕರ್ತನ ಅಪ್ಪಣೆಯನ್ನು ಮೊದಲು ಹೇಳುತ್ತಾನೆ. ಅನಂತರ ಇದು ಕರ್ತನ ಮಾತಲ್ಲ, ನನ್ನದು ಎಂದು ಎಚ್ಚರಿಸಿ, ಕರ್ತನು ಮಾತನಾಡದಿದ್ದ ಒಂದು ಸನ್ನಿವೇಶಕ್ಕೆ ಹೋಗುತ್ತಾನೆ. ನಂಬದ ಜೊತೆಗಾರನು ಅಗಲಿಹೋದರೆ ಹೋಗಲಿ. ಅಂಥ ಸಂದರ್ಭದಲ್ಲಿ ಸಹೋದರನಾಗಲಿ ಸಹೋದರಿಯಾಗಲಿ ಬದ್ಧರಲ್ಲ. ಅಲ್ಲಿ ಅವನು ಬಳಸಿದ ಕ್ರಿಯಾಪದವು ದಾಸತ್ವಕ್ಕೆ ಸಂಬಂಧಿಸಿದ್ದು. ಕಥೋಲಿಕ ನಿಯಮವು ಈ ವಚನವನ್ನೇ ಹಿಡಿದು ಪೌಲನ ಹಕ್ಕನ್ನು ಕಟ್ಟಿದೆ, ಆದರೆ ಅದನ್ನು ದೀಕ್ಷಾಸ್ನಾನದ ದಾಖಲೆಗೆ ಗಂಟುಹಾಕಿದೆ. ಹೆಂಡತಿಯನ್ನು ತೊರೆದು ಇನ್ನೊಂದು ಸಂಸಾರ ಹೂಡಿದವನು ಸಭೆಯ ಪುಸ್ತಕದಲ್ಲಿ ಹೆಸರಿರುವ ಮಾತ್ರಕ್ಕೆ ನಂಬುವವನೋ? ತನ್ನ ಮನೆಯವರನ್ನು ಸಂರಕ್ಷಿಸದವನು ನಂಬದವನಿಗಿಂತಲೂ ಕಡೆಯೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯವು ಹೇಳುವಾಗ, ಪೌಲನ 'ಹೋಗಲಿ' ಎಂಬ ಮಾತು ಆ ಗಂಡನಿಗೂ ಸಲ್ಲುತ್ತದೆಂದು ನಮ್ಮ ಸುಧಾರಣಾ ಪಿತೃಗಳಲ್ಲಿ ಹಲವರು ತಿಳಿದದ್ದು ಅಕ್ರಮವೆಂದು ನನಗೆ ತೋರುವುದಿಲ್ಲ.

ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದ ಕುರಿತು ಒಂದೇ ಮಾತು. ಅಲ್ಲಿನ 'ಮುಸ್ತೇರಿಯೋನ್' ಎಂಬ ಗ್ರೀಕ್ ಪದವು ಲತೀನ್ ಅನುವಾದದಲ್ಲಿ 'ಸಾಕ್ರಮೆಂತುಮ್' ಆಯಿತು. ವಿವಾಹವು ಸಂಸ್ಕಾರವೆಂಬ ಬೋಧನೆಗೆ ಆ ಅನುವಾದವು ಬಹಳ ನೆರವಾಯಿತು. ಎರಾಸ್ಮಸನೂ, 1520ರಲ್ಲಿ ಲೂಥರನೂ ಇದನ್ನು ಎತ್ತಿ ತೋರಿಸಿದರು. ಆದರೆ ಅನುವಾದದ ದೋಷವನ್ನು ತೋರಿಸಿದ ಮಾತ್ರಕ್ಕೆ ಕ್ರಿಸ್ತನಿಗೂ ಸಭೆಗೂ ಇರುವ ಸಂಬಂಧದ ಚಿತ್ರವು ವಿವಾಹದಿಂದ ಅಳಿಸಿಹೋಗುವುದಿಲ್ಲ. ನಮ್ಮವರು ಈ ವಾದದಲ್ಲಿ ಗೆದ್ದು ಆ ಚಿತ್ರವನ್ನು ಕಳೆದುಕೊಂಡದ್ದುಂಟು.

ಪೂರ್ವದ ಸಭೆಯು ಇದೇ ವಾಕ್ಯಗಳನ್ನು ಓದಿ ಬೇರೊಂದು ಶಿಸ್ತಿಗೆ ಬಂದಿತೆಂಬುದನ್ನು ನಾವು ಮರೆಯುವಂತಿಲ್ಲ. ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಬಸಿಲನು ಅಂಫಿಲೋಕಿಯನಿಗೆ ಬರೆದ ನಿಯಮಪತ್ರಗಳಲ್ಲಿ, ಹೆಂಡತಿಯು ಬಿಟ್ಟುಹೋದ ಗಂಡನು ಕ್ಷಮೆಗೆ ಅರ್ಹನೆಂದೂ ಆತನೊಡನೆ ಬಾಳುವವಳಿಗೆ ದಂಡನೆಯಿಲ್ಲವೆಂದೂ ಹೇಳಿದನು. ಗಂಡಸಿಗೂ ಹೆಂಗಸಿಗೂ ರೂಢಿಯು ಒಂದೇ ಅಳತೆಯನ್ನು ಇಟ್ಟಿಲ್ಲವೆಂಬುದು ಅವನಿಗೂ ಗೊತ್ತಿತ್ತು; ರೂಢಿಯನ್ನು ಮಾತ್ರ ಅವನು ಬದಲಿಸಲಿಲ್ಲ. ಇಂದಿಗೂ ಆರ್ಥೊಡಾಕ್ಸ್ ಸಭೆಗಳು ಎರಡನೆಯ ವಿವಾಹವನ್ನು ಪಶ್ಚಾತ್ತಾಪದ ಪ್ರಾರ್ಥನೆಗಳೊಡನೆ ನಡೆಸಿಕೊಡುತ್ತವೆ. ತ್ರೆಂತ್ ಮಹಾಸಭೆಯು 1563ರಲ್ಲಿ ಹಾದರದಿಂದಲೂ ಬಂಧನ ಬಿಚ್ಚುವುದಿಲ್ಲವೆಂದು ವಿಧಿಸುವಾಗ, ವೆನಿಸ್ ಗಣರಾಜ್ಯದ ರಾಯಭಾರಿಗಳು ತಮ್ಮ ದ್ವೀಪಗಳಲ್ಲಿದ್ದ ಗ್ರೀಕ್ ಪ್ರಜೆಗಳನ್ನು ನೆನಪಿಸಿ ಬಿನ್ನವಿಸಿಕೊಂಡರು. ಆದಕಾರಣ ಆ ವಿಧಿಯನ್ನು ಜಾಣತನದಿಂದ ರಚಿಸಿದರು: ಪಶ್ಚಿಮದ ಸಭೆಯು ಹೀಗೆ ಬೋಧಿಸುವಾಗ ತಪ್ಪುತ್ತದೆಂದು ಹೇಳುವವನಿಗೆ ಶಾಪ, ಪೂರ್ವದವರ ಆಚರಣೆಗೆ ನೇರವಾದ ಶಾಪವಿಲ್ಲ. ಲೂಥರನಿಗೆ ಮುಚ್ಚಿದ ಬಾಗಿಲಿನ ಪಕ್ಕದಲ್ಲಿಯೇ ಗ್ರೀಕರಿಗೆ ಒಂದು ಕಿಟಕಿಯನ್ನು ಬಿಟ್ಟಿದ್ದರು.

ಪಾಪವೂ ಕ್ಷಮೆಯೂ

ಈಗ ಸಹೋದರಿಯ ಪ್ರಶ್ನೆಗೆ ಬರುತ್ತೇನೆ. ಕ್ಷಮೆಯ ಅಧಿಕಾರವನ್ನು ಕಥೋಲಿಕ ಸಭೆಯು ಮುಖ್ಯವಾಗಿ ಯೋಹಾನನ 20ನೆಯ ಅಧ್ಯಾಯದ ಮೇಲೆ ಕಟ್ಟುತ್ತದೆ. ಪುನರುತ್ಥಾನ ಹೊಂದಿದ ಕರ್ತನು ಶಿಷ್ಯರ ಮೇಲೆ ಊದಿ, ನೀವು ಯಾರ ಪಾಪಗಳನ್ನು ಕ್ಷಮಿಸುವಿರೋ ಅವರಿಗೆ ಕ್ಷಮೆಯುಂಟೆಂದು ಹೇಳಿದನು. ಈ ವಚನದಲ್ಲಿ ಏನೂ ಇಲ್ಲವೆನ್ನುವಂತೆ ನಮ್ಮವರು ಅದರ ಪಕ್ಕದಿಂದ ಹಾದುಹೋಗುವುದುಂಟು; ಅದು ಸರಿಯಲ್ಲ. ಲೂಥರನ ಅನುಯಾಯಿಗಳ ಔಗ್ಸ್‌ಬರ್ಗ್ ವಿಶ್ವಾಸಪ್ರಮಾಣವೂ ಖಾಸಗಿ ಪಾಪವಿಮೋಚನೆಯನ್ನು ಉಳಿಸಿಕೊಂಡಿದೆ. ಭೇದವಿರುವುದು ಅಧಿಕಾರವು ಇದೆಯೋ ಇಲ್ಲವೋ ಎಂಬಲ್ಲಿಗಿಂತ, ಅದನ್ನು ಯಾವ ರೂಪದಲ್ಲಿ ಕಟ್ಟಲಾಗಿದೆ ಎಂಬಲ್ಲಿ. ಮೊದಲ ಶತಮಾನಗಳಲ್ಲಿ ಘೋರಪಾಪಕ್ಕೆ ಬಹಿರಂಗವಾದ ಪ್ರಾಯಶ್ಚಿತ್ತವಿತ್ತು, ಅದೂ ಜೀವಮಾನಕ್ಕೆ ಒಂದೇ ಸಾರಿ. ಐರ್ಲೆಂಡಿನ ಸನ್ಯಾಸಿಗಳು ಗುಟ್ಟಾಗಿ, ಎಷ್ಟು ಸಾರಿಯಾದರೂ ಮಾಡಬಹುದಾದ ಪಾಪನಿವೇದನೆಯನ್ನು ಹರಡಿದರು. 589ರಲ್ಲಿ ತೊಲೆದೊ ನಗರದ ಸಭಾಕೂಟವು ಇದನ್ನು ಹೋಲುವ ಪದ್ಧತಿಯನ್ನು ಖಂಡಿಸಿತ್ತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ವರ್ಷಕ್ಕೊಮ್ಮೆ ಗುರುವಿನ ಮುಂದೆ ಪಾಪನಿವೇದನೆಯನ್ನು ಕಡ್ಡಾಯಮಾಡಿತು. 1551ರಲ್ಲಿ ತ್ರೆಂತ್ ಮಹಾಸಭೆಯು ಅದು ದೈವನಿಯಮವೆಂದು ಸಾರಿತು. ಅಂದರೆ ಕ್ಷಮೆಯ ಶಿಸ್ತು ಸಭೆಯ ಕೈಯಲ್ಲಿ ಬಹಳ ಬದಲಾಗಿದೆ, ಮತ್ತು ಬದಲಾವಣೆಯು ಬಹುಮಟ್ಟಿಗೆ ಕರುಣೆಯ ದಿಕ್ಕಿಗೆ ಆಗಿದೆ.

ಈ ಶಿಸ್ತಿನ ಒಳಗೆ ಒಂದು ನಿಯಮವು ಸ್ಥಿರವಾಗಿದೆ: ಪಶ್ಚಾತ್ತಾಪವು ನಿಜವಾಗಿರಬೇಕಾದರೆ ಪಾಪವನ್ನು ಬಿಡುವ ನಿರ್ಧಾರವಿರಬೇಕು. ಇದನ್ನು ಯಾವ ಕ್ರೈಸ್ತನು ಅಲ್ಲಗಳೆದಾನು? ಪೋಪ್ ಎರಡನೆಯ ಜಾನ್ ಪಾಲರು 1981ರ 'ಫಮಿಲಿಯಾರಿಸ್ ಕೊನ್ಸೋರ್ತಿಯೊ' ಎಂಬ ಉಪದೇಶಪತ್ರದ 84ನೆಯ ಪರಿಚ್ಛೇದದಲ್ಲಿ ಇದನ್ನು ಮರುವಿವಾಹವಾದವರಿಗೆ ಅನ್ವಯಿಸಿದರು. ಅವರು ಸಭೆಯಿಂದ ಹೊರಗಾದವರಲ್ಲ; ಬಲಿಪೂಜೆಗೆ ಬರಲಿ, ವಾಕ್ಯವನ್ನು ಕೇಳಲಿ, ಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸಲಿ. ಆದರೆ ಪಾಪವಿಮೋಚನೆ ಮತ್ತು ಪರಮಪ್ರಸಾದ ಬೇಕಾದರೆ ಅಗಲಬೇಕು. ಮಕ್ಕಳ ಪಾಲನೆಯಂಥ ಗುರುತರ ಕಾರಣದಿಂದ ಅಗಲಲಾಗದಿದ್ದರೆ ಪೂರ್ಣ ಸಂಯಮದಿಂದ ಬಾಳಬೇಕು. ತಮ್ಮ ಇಚ್ಛೆಯಿಲ್ಲದೆ ತೊರೆಯಲ್ಪಟ್ಟವರಿಗೂ, ತಾವೇ ಸಂಸಾರವನ್ನು ಮುರಿದವರಿಗೂ ಭೇದವಿದೆಯೆಂದು ಅದೇ ಪರಿಚ್ಛೇದವು ಗುರುಗಳಿಗೆ ಎಚ್ಚರಿಸುತ್ತದೆ. ಭೇದವನ್ನು ಗುರುತಿಸಿದ ಮೇಲೆ ಇಬ್ಬರಿಗೂ ಒಂದೇ ಕಟ್ಟನ್ನು ವಿಧಿಸುತ್ತದೆ. ಆ ಪತ್ರವನ್ನು ಓದುವಾಗಲೆಲ್ಲ ನಾನು ಅಲ್ಲಿ ನಿಲ್ಲುತ್ತೇನೆ.

ಕೊಲೆಗಾರನಿಗೆ ಕ್ಷಮೆಯುಂಟು, ಇವರಿಗೆ ಏಕಿಲ್ಲ ಎಂದು ನಮ್ಮವರು ಕೇಳುವುದುಂಟು. ಕಥೋಲಿಕ ದೈವಶಾಸ್ತ್ರಜ್ಞರ ಉತ್ತರ ಹೀಗೆ: ಕೊಲೆಯು ನಡೆದುಹೋದ ಕೃತ್ಯ, ಕೊಲೆಗಾರನು ಪಶ್ಚಾತ್ತಾಪಪಡಬಲ್ಲನು, ಎರಡನೆಯ ಸಂಸಾರವು ದಿನವೂ ನಡೆಯುತ್ತಿರುವ ಸ್ಥಿತಿ. ಯೋಹಾನನ ಎಂಟನೆಯ ಅಧ್ಯಾಯದಲ್ಲಿ ಯೇಸು ಆ ಹೆಂಗಸಿಗೆ ದಂಡನೆ ವಿಧಿಸದಿದ್ದರೂ ಇನ್ನು ಪಾಪಮಾಡಬೇಡವೆಂದು ಹೇಳಿಯೇ ಕಳುಹಿಸಿದನು. ಈ ಉತ್ತರಕ್ಕೆ ತೂಕವಿದೆ. ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಆ ಕಥಾಭಾಗವು ಅತಿ ಪ್ರಾಚೀನ ಹಸ್ತಪ್ರತಿಗಳಲ್ಲಿ ಇಲ್ಲ. ತಮ್ಮ ಹೆಂಡಿರಿಗೆ ಪಾಪಮಾಡಲು ಸಲಿಗೆ ಸಿಕ್ಕೀತೆಂದು ಹೆದರಿದ ಗಂಡಸರು ಅದನ್ನು ಪ್ರತಿಗಳಿಂದ ತೆಗೆದುಹಾಕಿದರೆಂದು ಅಗಸ್ಟೀನನು ಊಹಿಸಿದ್ದನು. ಅವನು ಅದನ್ನು ಹೇಳಿದ್ದು ಮರುವಿವಾಹವನ್ನು ಕಟ್ಟುನಿಟ್ಟಾಗಿ ನಿಷೇಧಿಸುವ ಗ್ರಂಥದಲ್ಲಿಯೇ.

ಆದರೆ ತೊರೆಯಲ್ಪಟ್ಟವಳ ವಿಷಯದಲ್ಲಿ ಈ ಉತ್ತರವು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ. ಬಿಡಬೇಕಾದ ಪಾಪ ಯಾವುದು? ಒಡಂಬಡಿಕೆಯನ್ನು ಮುರಿದವನು ಗಂಡನು. ಪೌಲನು ಬದ್ಧಳಲ್ಲವೆಂದವಳು ಆಕೆ. ಕಾನೂನಿನ ಕಣ್ಣಿಗೆ ಮಾತ್ರ ಕಾಣುವ ಬಂಧನವೊಂದು ಇನ್ನೂ ಇದೆಯೆಂದು ಮೊದಲು ಒಪ್ಪಿಕೊಂಡರೆ, ಆಗ ಆಕೆಯ ಹೊಸ ಬಾಳು ಪಾಪವಾಗುತ್ತದೆ. ಪಾಪವಾದ ಮೇಲೆ ಕ್ಷಮೆಯ ನಿಯಮಗಳು ತಮ್ಮ ಸಾಲಿನಲ್ಲಿ ಹಿಂಬಾಲಿಸುತ್ತವೆ. ಮತ್ತಾಯನ 18ನೆಯ ಅಧ್ಯಾಯದಲ್ಲಿ ಕಟ್ಟುವ, ಬಿಚ್ಚುವ ಅಧಿಕಾರದ ಮಾತು ಎಲ್ಲಿ ಬರುತ್ತದೆಂದು ನೋಡಿರಿ. ಅದರ ಹಿಂದೆ ಕಳೆದುಹೋದ ಕುರಿ. ಅದರ ಮುಂದೆ ಎಪ್ಪತ್ತೇಳು ಸಾರಿ ಕ್ಷಮಿಸುವ ಮಾತು, ಕ್ಷಮೆ ಪಡೆದೂ ಜೊತೆ ಸೇವಕನ ಕುತ್ತಿಗೆ ಹಿಡಿದವನ ಸಾಮ್ಯ. ಅದೇ ಅಧಿಕಾರದಿಂದ ರೋಮಿನ ಸಭೆಯು ದೇಹಸಂಯೋಗವಾಗದ ಬಂಧನವನ್ನೂ, ಒಬ್ಬರೇ ದೀಕ್ಷಾಸ್ನಾನ ಹೊಂದಿದವರ ಬಂಧನವನ್ನೂ ಬಿಚ್ಚುತ್ತದೆ. ಈ ಎರಡನ್ನೂ ಸತ್ಯವೇದವು ಹೆಸರಿಸಿಲ್ಲ. ಸತ್ಯವೇದವು ಹೆಸರಿಸಿರುವ ದ್ರೋಹ, ಪರಿತ್ಯಾಗಗಳ ಮುಂದೆ ಮಾತ್ರ ಅದು ತನ್ನ ಕೈ ಕಟ್ಟಿದೆಯೆನ್ನುತ್ತದೆ. ನಮಗೂ ಅವರಿಗೂ ಇರುವ ನಿಜವಾದ ಭೇದವು ಇಲ್ಲಿದೆ.

ಪೋಪ್ ಫ್ರಾನ್ಸಿಸರು 2016ರಲ್ಲಿ ಹೊರಡಿಸಿದ 'ಅಮೋರಿಸ್ ಲೆತೀತ್ಸಿಯ'ದ ಎಂಟನೆಯ ಅಧ್ಯಾಯವು ಈ ಗಂಟನ್ನೇ ಮುಟ್ಟಿತು. ಬಂಧನದ ಬೋಧನೆಯನ್ನು ಅವರು ಬದಲಿಸಲಿಲ್ಲ. ಆದರೆ ಅಕ್ರಮವೆನಿಸುವ ಸ್ಥಿತಿಯಲ್ಲಿರುವವರೆಲ್ಲ ಮಾರಕಪಾಪದಲ್ಲಿದ್ದಾರೆಂದು ಇನ್ನು ಹೇಳಲಾಗದು ಎಂದರು. 351ನೆಯ ಅಡಿಟಿಪ್ಪಣಿಯಲ್ಲಿ, ಕೆಲವು ಸಂದರ್ಭಗಳಲ್ಲಿ ಸಂಸ್ಕಾರಗಳ ನೆರವೂ ಸಿಗಬಹುದೆಂದು ಸೂಚಿಸಿದರು. ಇಷ್ಟು ದೊಡ್ಡ ವಿಷಯವು ಅಡಿಟಿಪ್ಪಣಿಯಲ್ಲಿ ಬಂದದ್ದು ಸೋಜಿಗ. ಬ್ಯೂನಸ್ ಐರಿಸ್ ಪ್ರಾಂತ್ಯದ ಮತ್ತು ಮಾಲ್ಟಾ ದ್ವೀಪದ ಧರ್ಮಾಧ್ಯಕ್ಷರು ಅದನ್ನು ಉದಾರವಾಗಿ ಅರ್ಥೈಸಿದರು. ನಾಲ್ವರು ಕಾರ್ಡಿನಲರು ತಮ್ಮ ಸಂದೇಹಗಳನ್ನು ಪೋಪರ ಮುಂದೆ ಲಿಖಿತವಾಗಿ ಇಟ್ಟರು.

ನಮ್ಮ ದೇಶದ ಕಾನೂನು

ಭಾರತದಲ್ಲಿ ಈ ವಿಷಯಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಧರ್ಮಪ್ರಾಂತ್ಯದ ನ್ಯಾಯಪೀಠವು ಕೊಟ್ಟ ಅಸಿಂಧುತ್ವದ ತೀರ್ಪಿಗೆ ರಾಷ್ಟ್ರದ ಕಾನೂನಿನಲ್ಲಿ ಬೆಲೆಯಿಲ್ಲ. ಅದಕ್ಕೆ ಮಾನ್ಯತೆ ಬೇಕೆಂದು ಮಂಗಳೂರಿನ ವಕೀಲರಾದ ಕ್ಲಾರೆನ್ಸ್ ಪಾಯಸ್ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2017ರ ಜನವರಿಯಲ್ಲಿ ಆ ಅರ್ಜಿಯು ವಜಾ ಆಯಿತು. ಆದಕಾರಣ ಸಭೆಯ ತೀರ್ಪನ್ನು ಮಾತ್ರ ಹಿಡಿದು ಮರುಮದುವೆಯಾದ ಕಥೋಲಿಕನು ದ್ವಿಪತ್ನಿತ್ವದ ಅಪರಾಧಕ್ಕೆ ಗುರಿಯಾಗಬಹುದು; ನ್ಯಾಯಾಲಯದ ಡಿಕ್ರಿಯನ್ನು ಮಾತ್ರ ಹಿಡಿದವನು ಪರಮಪ್ರಸಾದದಿಂದ ದೂರವಾಗುತ್ತಾನೆ. 1869ರ ವಿಚ್ಛೇದನ ಕಾಯಿದೆಯೂ ಬಹುಕಾಲ ಹೆಂಗಸಿನ ಪಾಲಿಗೆ ಅನ್ಯಾಯವಾಗಿಯೇ ಇತ್ತು. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ಸಾಬೀತುಪಡಿಸಿದರೆ ಸಾಕಾಗಿತ್ತು. ಹೆಂಡತಿಯು ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಿತ್ತು. 2001ರ ತಿದ್ದುಪಡಿಯು ಇದನ್ನು ಸರಿಪಡಿಸಿತು. ತಿದ್ದುಪಡಿಗೆ ಮುಂಚಿನ ನೂರಮೂವತ್ತಕ್ಕೂ ಹೆಚ್ಚು ವರ್ಷ ಆ ಕಾಯಿದೆಯ ಅಡಿಯಲ್ಲಿ ಬಾಳಿದ ನಮ್ಮ ಸಭೆಗಳು ಅದರ ವಿರುದ್ಧ ಎಷ್ಟು ಗಟ್ಟಿಯಾಗಿ ಮಾತನಾಡಿದವೆಂದು ನಾವೇ ಕೇಳಿಕೊಳ್ಳಬೇಕು. ವಿಚ್ಛೇದಿತಳಿಗೆ ನಮ್ಮ ಕಾನೂನುಪುಸ್ತಕದಲ್ಲಿ ದಾರಿಯಿದ್ದರೂ ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ ಆಕೆಯ ಪಕ್ಕದ ಕುರ್ಚಿ ಖಾಲಿಯಿರುವುದನ್ನು ನಾನು ಕಂಡಿದ್ದೇನೆ. ಮತ್ತೊಂದು ಕಡೆ, ಡಿಕ್ರಿಯ ಪ್ರತಿಯನ್ನು ನೋಡಿ, ಮನುಷ್ಯರನ್ನು ನೋಡದೆ, ಅರ್ಧ ಗಂಟೆಯಲ್ಲಿ ಮರುವಿವಾಹದ ದಿನ ಗೊತ್ತುಮಾಡುವ ಪಾಲಕರೂ ನಮ್ಮಲ್ಲಿದ್ದಾರೆ. ಹೆಂಡತಿಯನ್ನು ತೊರೆದವನೇ ಬಂದು ನಿಂತರೂ ಅವರು ಏನೂ ಕೇಳುವುದಿಲ್ಲ.

ಆ ಸಂಜೆ ನಾನು ಆಕೆಯೊಡನೆ ಕೊರಿಂಥದ ಪತ್ರಿಕೆಯ ಏಳನೆಯ ಅಧ್ಯಾಯವನ್ನು ಓದಿದೆನು. ಆಕೆ ಈ ವಿಷಯದಲ್ಲಿ ಕೇಳಬೇಕಾದ ಕ್ಷಮೆಯು ನಾವೆಲ್ಲರೂ ಭಾನುವಾರ ಆರಾಧನೆಯಲ್ಲಿ ಮೊಣಕಾಲೂರಿ ಕೇಳುವುದಕ್ಕಿಂತ ಹೆಚ್ಚಿನದಲ್ಲವೆಂದು ಹೇಳಿದೆನು. ಆದರೂ ನ್ಯಾಯಪೀಠಕ್ಕೆ ಅರ್ಜಿ ಹಾಕಬಹುದೆಂದೂ, ಮದುವೆಯ ದಿನವೇ ಗಂಡನ ಮನಸ್ಸಿನಲ್ಲಿ ನಿಷ್ಠೆಯಿರಲಿಲ್ಲವೆಂದು ತೋರಿಸಲಾದರೆ ದಾರಿ ತೆರೆಯಬಹುದೆಂದೂ ತಿಳಿಸಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಆರು ತಿಂಗಳು ನಾನು ಹೆಂಡತಿಯಾಗಿಯೇ ಇದ್ದೆ ಅಯ್ಯನವರೇ. ಇರಲಿಲ್ಲವೆಂದು ಹೇಗೆ ಬರೆದುಕೊಡಲಿ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅವರ ಮದುವೆಯು ನಮ್ಮ ದೇವಾಲಯದಲ್ಲಿ ನಡೆಯಿತು. ಆತನು ತನ್ನ ಚರ್ಚನ್ನು ಬಿಡಲಿಲ್ಲ, ಬಿಡೆಂದು ಆಕೆಯೂ ಹೇಳಲಿಲ್ಲ. ಹುಡುಗನ ಮೊದಲ ಪರಮಪ್ರಸಾದದ ದಿನ ನನ್ನನ್ನೂ ಕರೆದಿದ್ದರು. ಮಕ್ಕಳು ಬಿಳಿ ಬಟ್ಟೆಯಲ್ಲಿ ಸಾಲಾಗಿ ಮುಂದೆ ಹೋದರು, ಅವರ ಹಿಂದೆ ತಂದೆತಾಯಿಗಳು ಹೋದರು. ಆತನೂ ಆಕೆಯೂ ನಾನೂ ಬೆಂಚಿನಲ್ಲಿಯೇ ಉಳಿದೆವು; ನಾನಂತೂ ಅವರ ಸಭೆಯವನಲ್ಲ. ಈಚೆಗೆ ಅಲ್ಲಿಗೆ ಬಂದಿರುವ ಹೊಸ ಗುರುಗಳು ಆತನನ್ನು ಎರಡು ಸಾರಿ ಕರೆದು ಮಾತನಾಡಿದ್ದಾರೆಂದು ಕೇಳಿದ್ದೇನೆ. ಏನು ಮಾತಾಯಿತೆಂದು ನಾನು ವಿಚಾರಿಸಿಲ್ಲ.